ಬಾಲಯೇಸುವಿನ ಹೊಟ್ಟೆಯಲ್ಲಿ ಪಾಸ್‌ಪೋರ್ಟು

ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಪಾಸ್‌ಪೋರ್ಟು ಮಾಡಿಸಿಕೊಂಡ ಅಟ್ರಾಕ್ಟಾ ನೂನನ್‌ಗೆ ಅದನ್ನು ಎಲ್ಲಿಡಬೇಕೆಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ಆ ಮನೆಗೆ ಬೆಲೆಬಾಳುವ ವಸ್ತು ಏನೇ ಬರಲಿ, ಅದು ನೇರವಾಗಿ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ನಿಂತಿದ್ದ ಪ್ರಾಗ್‌ನ ಬಾಲಯೇಸುವಿನ ಸುಪರ್ದಿಗೆ ಹೋಗುತ್ತಿತ್ತು. ಒಂದೂವರೆ ಅಡಿ ಎತ್ತರದ ಪ್ಲಾಸ್ಟರ್ ಮೂರ್ತಿ, ಕೆಂಪು ನಿಲುವಂಗಿ, ತಲೆಯ ಮೇಲೆ ಕಿರೀಟ, ಎಡಗೈಯಲ್ಲಿ ಇಡೀ ಭೂಗೋಳ. ಒಳಗೆಲ್ಲ ಪೊಳ್ಳು. ಮನೆಯಲ್ಲಿ ಕೈ ಬರಿದಾಗದಿರಲಿ ಎಂದು ಅದರಡಿ ಅವಳ ತಾಯಿಯ ಕಾಲದಿಂದಲೂ ಕುದುರೆ ಚಿತ್ರದ ಹಳೆಯ ನಾಣ್ಯವೊಂದಿತ್ತು. ಪಾಸ್‌ಪೋರ್ಟು ಅಂಚೆಯಲ್ಲಿ ಬಂದ ದಿನ ಅಟ್ರಾಕ್ಟಾ ಮೂರ್ತಿಯನ್ನು ಮಗುಚಿ, ಅದನ್ನು ನಿಲುವಂಗಿಯ ಒಳಗೆ ಸೊಂಟದವರೆಗೆ ತೂರಿಸಿ ಸಿಕ್ಕಿಸಿದಳು. ದೇವರ ಹೊಟ್ಟೆಗೆ ಕೈ ಹಾಕುವ ಕಳ್ಳ ಐರ್ಲೆಂಡಿನ ಆ ಮೇಯೊ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಪಾಸ್‌ಪೋರ್ಟು ಬಂದದ್ದೇನೂ ಸುಲಭಕ್ಕಲ್ಲ. ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಫೋಟೊ ತೆಗೆಯುವಾಗ, ನಗಬೇಡಿ, ನಗಬೇಡಿ ಎಂದು ಆ ಹುಡುಗಿ ಹನ್ನೊಂದು ಸಲ ಹೇಳಬೇಕಾಯಿತು. ಹನ್ನೆರಡನೆಯ ಸಲಕ್ಕೆ ಅಟ್ರಾಕ್ಟಾ ತನಗೆ ಗೊತ್ತಿದ್ದ ಶವಯಾತ್ರೆಗಳನ್ನೆಲ್ಲ ಒಂದೊಂದಾಗಿ ನೆನೆದು ಮುಖವನ್ನು ಹದಕ್ಕೆ ತಂದಳು. ಅರ್ಜಿಯ ಮೇಲೆ "ಈಕೆಯನ್ನು ನಾನು ಬಲ್ಲೆ" ಎಂದು ರುಜು ಹಾಕಬೇಕಿದ್ದ ಪೊಲೀಸ್ ಸಾರ್ಜೆಂಟ್ ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಟೀಚರ್, ನಿಮ್ಮನ್ನ ಒಂದನೇ ಕ್ಲಾಸಿಂದ ಬಲ್ಲೆ. ಆದ್ರೆ ಈ ಫೋಟೊದಲ್ಲಿರೋ ಹೆಂಗಸು ಯಾರೋ ನನಗ್ಗೊತ್ತಿಲ್ಲ" ಅಂದ. ಆಮೇಲೆ ರುಜು ಹಾಕಿದ.

ಇಷ್ಟೆಲ್ಲ ಪಾಡು ಮಗಳು ಡಿಂಪ್ನಾಳ ಮದುವೆಗಾಗಿ. ನಲವತ್ತಾರನೆಯ ವಯಸ್ಸಿನಲ್ಲಿ, ಸ್ಪೇನಿನ ಮಾಲಗಾದಲ್ಲಿ, ಇಗ್ನಾಸಿಯೊ ಎಂಬ ಕನ್ನಡಕದ ಅಂಗಡಿಯವನೊಡನೆ ಅವಳ ಮದುವೆ. ಮುಹೂರ್ತ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ. ಮದುಮಗಳ ಕೈ ಹಿಡಿದು ಇಗರ್ಜಿಯೊಳಗೆ ನಡೆಸಿಕೊಂಡು ಹೋಗಬೇಕಾದ ಅಪ್ಪ ಮ್ಯಾಟಿ ತೀರಿಕೊಂಡು ಆರು ವರ್ಷವಾಗಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಅವನು, "ಅವಳು ಯಾವತ್ತಾದ್ರೂ ಮನಸ್ಸು ಮಾಡಿದ್ರೆ ನೀನೇ ಕರ್ಕೊಂಡು ಹೋಗ್ಬೇಕು, ಮಾತು ಕೊಡು" ಅಂದಿದ್ದ. ಅಟ್ರಾಕ್ಟಾ ಕೊಟ್ಟಿದ್ದಳು. ಊರ ಹತ್ತಿರದ ಗುಡ್ಡದ ಮೇಲಿನ ಪುಟ್ಟ ನಿಲ್ದಾಣದಿಂದ ಮಾಲಗಾಕ್ಕೆ ವಿಮಾನ ಇದ್ದದ್ದು ವಾರಕ್ಕೆ ಎರಡು, ಅದರಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಅದು ತಪ್ಪಿದರೆ ಕೊಟ್ಟ ಮಾತೂ ತಪ್ಪಿದಂತೆ.

ಬಾಲಯೇಸುವೂ ಜೊತೆಗೆ ಹೊರಡಲೇಬೇಕಿತ್ತು. ಮದುವೆಯ ಹಿಂದಿನ ರಾತ್ರಿ ಅವನನ್ನು ಹೊರಗೆ ಬೇಲಿಯ ಬುಡದಲ್ಲಿ ನಿಲ್ಲಿಸಿದರೆ ಮರುದಿನ ಮಳೆ ಬರುವುದಿಲ್ಲ. ಇದು ಅಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅಟ್ರಾಕ್ಟಾಳ ಮೂರ್ತಿ ಊರಿನ ಹತ್ತೊಂಬತ್ತು ಮದುವೆಗಳಿಗೆ ಬೇಲಿ ಕಾದಿತ್ತು, ಹದಿನೇಳು ಸಲ ಬಿಸಿಲು ತರಿಸಿತ್ತು. "ನಾಲ್ಕು ತಿಂಗಳಿಂದ ಹನಿ ಬೀಳದ ಊರಿಗೆ ಮಳೆ ನಿಲ್ಲಿಸೋ ದೇವರನ್ನ ಹೊತ್ಕೊಂಡು ಹೋಗ್ತೀಯಲ್ಲಕ್ಕಾ, ಮರಳುಗಾಡಿಗೆ ಛತ್ರಿ ಮಾರೋಕೆ ಹೊರಟೋರ ಥರ" ಎಂದು ತಂಗಿ ಫಿಲೊಮಿನಾ ಆಡಿಕೊಂಡಳು. ಎಲ್ಲರ ಬಾಯಲ್ಲೂ ಅವಳು ಫಿಲ್. ಎಪ್ಪತ್ತಾದರೂ ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತೇನೆಂದು ಅದನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಓಡಾಡುವವಳು.

ಹೀಗೆ ಶುಕ್ರವಾರ ಒಂಬತ್ತೂವರೆಗೆ ಅಕ್ಕತಂಗಿಯರಿಬ್ಬರೂ ನಿಲ್ದಾಣದಲ್ಲಿದ್ದರು. ಅಟ್ರಾಕ್ಟಾ ಒಂದು ಲೋಟ ಚಹಾ ತರಿಸಿ, ಎಂದಿನಂತೆ ಸಕ್ಕರೆ ಹಾಕದೆ, ಎಂದಿನಂತೆ ಮುಖ ಹಿಂಡಿಕೊಂಡು ಕುಡಿದಳು. ಒಂದು ಕಾಲಕ್ಕೆ ಲೋಟಕ್ಕೆ ಮೂರು ಚಮಚ ಸುರಿದುಕೊಳ್ಳುತ್ತಿದ್ದವಳು ಯಾಕೆ ಬಿಟ್ಟಳೆಂದು ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ ಹಲ್ಲಿಗೆ ಒಳ್ಳೆಯದು ಅನ್ನುತ್ತಿದ್ದಳು. ಹಲ್ಲುಗಳೋ, ರಾತ್ರಿ ಲೋಟದಲ್ಲಿ ಮಲಗುತ್ತಿದ್ದವು.

ಕೌಂಟರಿನಲ್ಲಿದ್ದ ಶೌನಾ ಎಂಬ ಹುಡುಗಿ ಫಿಲ್‌ಳ ಟೋಪಿಗಳ ಸೂಟ್‌ಕೇಸು ತೂಗಿ, "ಇಬ್ರ ಪಾಸ್‌ಪೋರ್ಟೂ ಕೊಡಿ ಅಮ್ಮಾ" ಅಂದಳು. ಫಿಲ್ ತನ್ನದನ್ನು ಕೊಟ್ಟಳು. ಅಟ್ರಾಕ್ಟಾ ಕೈಚೀಲದಿಂದ ಸ್ನಾನದ ಟವಲಿನಲ್ಲಿ ಸುತ್ತಿದ್ದ ಬಾಲಯೇಸುವನ್ನು ತೆಗೆದು, ಕೌಂಟರಿನ ಮೇಲೆ ಬಿಚ್ಚಿ, ಶಿಲುಬೆಯ ಗುರುತು ಮಾಡಿಕೊಂಡು ತಲೆಕೆಳಗು ಮಾಡಿದಳು.

"ಒಂದ್ನಿಮಿಷ ಮಗೂ, ಒಳಗಿದೆ" ಎಂದು ಕೈ ತೂರಿಸಲು ಹೋದಳು. ಬೆರಳು ಗೋಡೆಗೆ ತಗುಲಿತು. ಪೊಳ್ಳಿದ್ದ ಕಡೆ ಬೂದುಬಣ್ಣದ ಗಟ್ಟಿ ಗಾರೆ, ನೀಟಾಗಿ ಒರೆಸಿ ಸಮ ಮಾಡಿದ ಗಾರೆ.

"ಫಿಲ್."

"ಏನಕ್ಕಾ?"

"ಇದೇನೇ ಇದು?"

ಫಿಲ್‌ಳ ಮುಖ ಹಿಗ್ಗಿತು. "ನೋಡಿದ್ಯಾ! ನಿನ್ನೆ ನೀನು ಇಗರ್ಜಿಗೆ ಹೋದಾಗ ಮಾಡಿದ್ದು. ತಳ ಟೊಳ್ಳಿತ್ತು, ಅಡಿಯಲ್ಲಿದ್ದ ನಾಣ್ಯಾನೂ ಒಳಗೇ ಹಾಕಿ, ದಾರೀಲಿ ಒಡೆದುಹೋಗುತ್ತೆ ಅಂತ ಮುಚ್ಚಿದೆ. ನಮ್ಮ ಬಚ್ಚಲಿನ ಟೈಲ್ಸಿಗೆ ತಂದಿದ್ದ ಗಾರೆ ಮಿಕ್ಕಿತ್ತು. ಇಪ್ಪತ್ತೈದು ವರ್ಷ ಗ್ಯಾರಂಟಿ ಕಣೇ!"

"ಒಳಗೆ ನನ್ನ ಪಾಸ್‌ಪೋರ್ಟಿತ್ತು."

"ಕತ್ತಲಿತ್ತು ಅಷ್ಟೇ. ನನಗೇನೂ ಕಾಣಿಸ್ಲಿಲ್ಲ."

"ಕನ್ನಡಕ ಹಾಕಿದ್ಯಾ?"

ಫಿಲ್ ಚಾವಣಿ ನೋಡತೊಡಗಿದಳು.

ಅಟ್ರಾಕ್ಟಾ ಮೂರ್ತಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಏನೋ ಧಡ್ ಅಂದಿತು. ಆ ಸದ್ದಿಗೆ, ಯಾಕೋ, ಅವಳಿಗೆ ನಗು ಉಕ್ಕಿತು. ಹೆದರಿದಾಗ ನಗು ಬರುವುದು ಅವಳ ಹುಟ್ಟು ರೋಗ. ಶಾಲೆಗೆ ತನಿಖಾಧಿಕಾರಿ ಬಂದಾಗಲೂ ಹೀಗೇ ಮಾಡಿ ಮರ್ಯಾದೆ ಕಳೆದುಕೊಂಡಿದ್ದಳು. ಅಕ್ಕ ನಕ್ಕದ್ದು ನೋಡಿ ಫಿಲ್‌ಗೂ ಬಂತು. ಶೌನಾ ಮಾತ್ರ ಗಡಿಯಾರ ನೋಡಿದಳು.

"ಅಮ್ಮಾ, ತಮಾಷೆಯಲ್ಲ. ಹತ್ತೂ ನಲವತ್ತಕ್ಕೆ ಗೇಟ್ ಮುಚ್ತೀವಿ. ಪಾಸ್‌ಪೋರ್ಟು ನೋಡದೆ ನಾನು ಬಿಡೋಹಾಗಿಲ್ಲ."

"ಒಳಗಿದೆ ಅಂತ ಕೇಳಿಸ್ತಲ್ಲ?"

"ಕೇಳಿಸಿದ್ರೆ ಸಾಲ್ದು, ಕಾಣಿಸ್ಬೇಕು."

ಅಷ್ಟರಲ್ಲಿ ತಪಾಸಣೆಯ ಕಡೆಯಿಂದ ದೊಡ್ಡ ಹೊಟ್ಟೆಯ ಜಾರ್ಲತ್ ಬಂದ. ಐವತ್ತರ ಗಂಡಸು, ಸಮವಸ್ತ್ರ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅಟ್ರಾಕ್ಟಾಳನ್ನು ಕಂಡದ್ದೇ ತಡ, ಕೈ ಹಿಂದೆ ಕಟ್ಟಿ ನೆಟ್ಟಗೆ ನಿಂತ. ಅವಳ ಎರಡನೇ ಕ್ಲಾಸಿನ ವಿದ್ಯಾರ್ಥಿ.

"ಏನ್ ಸಮಾಚಾರ ಟೀಚರ್?"

ಸಮಾಚಾರ ಕೇಳಿ, ಮೂರ್ತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಮಲಗಿಸಿ ಎಕ್ಸ್‌ರೇ ಯಂತ್ರದೊಳಗೆ ಬಿಟ್ಟ. ಪರದೆಯ ಮೇಲೆ ಬಾಲಯೇಸುವಿನ ಮೈ ಕಿತ್ತಳೆ ಬಣ್ಣದಲ್ಲಿ ಮೂಡಿತು. ಸೊಂಟದಲ್ಲಿ ಪುಟ್ಟ ಪುಸ್ತಕ, ಅದರ ಕೆಳಗೆ ದುಂಡನೆಯ ನಾಣ್ಯ. ಕತ್ತಿನ ಸುತ್ತ ಒಂದು ತೆಳ್ಳನೆಯ ಗೆರೆ. ಆ ಗೆರೆ ಕಂಡು ಅಟ್ರಾಕ್ಟಾಳ ನಗು ಪಕ್ಕನೆ ನಿಂತಿತು.

"ಇದೆ ಶೌನಾ! ಕಣ್ಣಾರೆ ಕಂಡೆ" ಎಂದು ಜಾರ್ಲತ್ ಅಲ್ಲಿಂದಲೇ ಕೂಗಿದ.

"ಮುಖ ಕಾಣ್ಸುತ್ತಾ?"

"ಬಾಲಯೇಸುದು ಕಾಣ್ಸುತ್ತೆ."

"ಅವ್ರು ಟಿಕೆಟ್ ತಗೊಂಡಿಲ್ಲ!"

ಜಾರ್ಲತ್ ಅಲ್ಲೇ ಬಾಗಿಲು ರಿಪೇರಿ ಮಾಡುತ್ತಿದ್ದವರಿಂದ ಒಂದು ಸ್ಕ್ರೂಡ್ರೈವರ್ ತಂದು ತಳದ ಗಾರೆಯನ್ನು ಕೆರೆದ. ಉಗುರಿನಷ್ಟು ಪುಡಿ ಉದುರಿತು. ಸ್ವಲ್ಪ ಜೋರಾಗಿ ಮೀಟಿದ. ಮೂರ್ತಿಯ ಕತ್ತಿನ ಬಳಿ ಚಿಟ್ ಎಂದದ್ದೇ, "ಬಿಡೋ, ಕೈ ಬಿಡೋ!" ಎಂದು ಅಟ್ರಾಕ್ಟಾ ಕೂಗಿದ ರಭಸಕ್ಕೆ ಅವನು ಎಂಟು ವರ್ಷದವನಂತೆ ಬೆಚ್ಚಿ ಸ್ಕ್ರೂಡ್ರೈವರನ್ನು ಜೇಬಿಗೆ ತುರುಕಿಕೊಂಡ.

ಗಂಟೆ ಹತ್ತೂ ಹತ್ತಾಗಿತ್ತು.

ಸಾಲಿನಲ್ಲಿದ್ದವರಿಗೆಲ್ಲ ಈಗ ವಿಷಯ ತಿಳಿದಿತ್ತು, ಮತ್ತು ಎಲ್ಲರಿಗೂ ಒಂದೇ ಉಪಾಯ ಹೊಳೆದಿತ್ತು. ಏಕೆಂದರೆ ಬಾಲಯೇಸುವಿನ ಬಗ್ಗೆ ಎರಡನೆಯ ಮಾತೂ ಅಲ್ಲಿ ಎಲ್ಲರಿಗೂ ಗೊತ್ತು: ಮೂರ್ತಿಯ ತಲೆ ಕಳಚಿದ್ದರೆ ಅದರ ಶಕ್ತಿ ಇಮ್ಮಡಿ. ಆದರೆ ತಾನಾಗಿ ಕಳಚಿರಬೇಕು, ಆಕಸ್ಮಿಕವಾಗಿ. ಬೇಕೆಂದು ಮುರಿದರೆ ಅದೃಷ್ಟ ಉಲ್ಟಾ ಹೊಡೆಯುತ್ತದೆ.

"ಆಕಸ್ಮಿಕ ತಾನೆ, ಮಾಡೋಣ!" ಎಂದ ಗಾಲ್ಫ್ ಟೋಪಿಯ ಒಬ್ಬಾತ. "ಅಂಚಿನ ಮೇಲೆ ಇಡಿ, ನಾವೆಲ್ಲ ಆ ಕಡೆ ತಿರುಗ್ತೀವಿ. ಯಾರೂ ನೋಡಿಲ್ಲ ಅಂದ್ಮೇಲೆ ಯಾರು ಮಾಡಿದ್ದು ಅಂತ ಹೇಳೋರ್ಯಾರು?"

"ಲಗೇಜಿನ ಬೆಲ್ಟ್ ಮೇಲೆ ಬಿಡಿ" ಅಂದಳು ಇನ್ನೊಬ್ಬಳು. "ನನ್ನ ಸೂಟ್‌ಕೇಸಿನ ಚಕ್ರ ಪ್ರತಿ ಸಲ ಆಕಸ್ಮಿಕವಾಗೇ ಹೋಗೋದು."

"ನಾನು ಸೀನ್ತೀನಿ" ಎಂದಳು ಫಿಲ್. "ನಾನು ಸೀನಿದ್ರೆ ಏನ್ ಬೇಕಾದ್ರೂ ಬೀಳುತ್ತೆ ಅಂತ ನಿನಗ್ಗೊತ್ತು." ಕೌಂಟರಿನ ಅಂಚಿಗೆ ಮೂರ್ತಿಯನ್ನು ಅರ್ಧ ಇಂಚು ಜರುಗಿಸಿ, ಮೂಗಿಗೆ ಟಿಶ್ಯೂ ತುದಿ ತೂರಿಸಿ ತಿರುಗಿಸತೊಡಗಿದಳು. ಮೂವತ್ತು ಮಂದಿ ಬೆನ್ನು ತಿರುಗಿಸಿ ನಿಂತರು. ಶೌನಾ ಕೂಡ ಕುರ್ಚಿ ತಿರುಗಿಸಿಕೊಂಡು ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಗೋಡೆಯ ಮೇಲೆ ಬರೆದಿದ್ದ ನಿಯಮಗಳನ್ನು ಓದಿದಳು.

ಅಟ್ರಾಕ್ಟಾ ಮೂರ್ತಿಯನ್ನು ಮತ್ತೆ ಮಧ್ಯಕ್ಕೆ ಎಳೆದಿಟ್ಟಳು.

"ಬೇಡ ಕಣೇ ಫಿಲ್. ಬೇಕೂಂತ ಕಾದು ಕೂತ ಆಕಸ್ಮಿಕ ಆಕಸ್ಮಿಕ ಅಲ್ಲ."

"ಅಕ್ಕಾ, ನಾಳೆ ಮದ್ವೆ! ಮ್ಯಾಟಿ ಭಾವನಿಗೆ ಮಾತು ಕೊಟ್ಟಿದೀಯ. ಒಂದು ಗೊಂಬೆ ಕತ್ತು ಹೆಚ್ಚಾ, ಮಗಳು ಹೆಚ್ಚಾ?"

ಅಟ್ರಾಕ್ಟಾ ತಂಗಿಯ ತೋಳು ಹಿಡಿದು ಕಂಬದ ಮರೆಗೆ ಕರೆದೊಯ್ದಳು. ಹತ್ತೊಂಬತ್ತು ವರ್ಷ ಯಾರಿಗೂ, ಪಾದ್ರಿಗೂ ಹೇಳದ್ದನ್ನು ಅಲ್ಲಿ, ಕಾಫಿ ಯಂತ್ರದ ಪಕ್ಕದಲ್ಲಿ ನಿಂತು ಹೇಳಿದಳು.

"ಡಿಂಪ್ನಾಗೆ ಡೆಕ್ಲಾನ್ ಜೊತೆ ಮದ್ವೆ ಗೊತ್ತಾಗಿತ್ತಲ್ಲ, ನೆನಪಿದ್ಯಾ? ಮದ್ವೆಗೆ ಒಂಬತ್ತು ದಿನ ಇತ್ತು. ಎಲ್ಲರ ಮನೆ ಮೂರ್ತಿಗೂ ತಲೆ ಮುರಿದಿದೆ, ನಮ್ಮದಕ್ಕೆ ಮಾತ್ರ ಇಲ್ಲ ಅಂತ ನನಗೊಂದು ಹುಚ್ಚು. ಸೂಪಿನ ಸೌಟು ತಗೊಂಡು ಒಂದು ಕೊಟ್ಟೆ. ಆಮೇಲೆ ಹೆದರಿಕೆಯಾಗಿ ಅಂಟು ಹಾಕಿ ಕೂರಿಸ್ದೆ. ನಾಲ್ಕನೇ ದಿನಕ್ಕೆ ಅವನು ಹೇಳದೆ ಕೇಳದೆ ಬಾಸ್ಟನ್ನಿಗೆ ಓಡಿಹೋದ."

ಫಿಲ್ ಮೂಗಿನ ಟಿಶ್ಯೂ ಕಿತ್ತು ಮುದುರಿದಳು.

"ಅವಳು ಇಷ್ಟು ವರ್ಷ ಒಂಟಿಯಾಗಿದ್ದದ್ದು ನನ್ನಿಂದ. ಅವತ್ತಿಂದ ಚಹಾಕ್ಕೆ ಸಕ್ಕರೆ ಬಿಟ್ಟೆ, ಪ್ರಾಯಶ್ಚಿತ್ತಕ್ಕೆ. ಈಗ ಮತ್ತೆ ಅದೇ ಕತ್ತು ಅದೇ ಕೈಯಲ್ಲಿ ಮುರೀಲಾ? ನನ್ನ ಕೈಲಾಗಲ್ಲ ಕಣೇ. ನಾನಿಲ್ದೆ ಇದ್ರೂ ಮದ್ವೆ ನಡೆಯುತ್ತೆ. ಇದು ಮುರಿದ್ರೆ ನಡೆಯುತ್ತೋ ಇಲ್ವೋ." ಹೇಳುತ್ತ ಹೇಳುತ್ತ ಕಣ್ಣು ತುಂಬಿತು. ಕೈ ಹಿಡಿದು ನಡೆಸುವ ಹೆಜ್ಜೆಗಳನ್ನು ಅಡುಗೆಮನೆಯಲ್ಲಿ ಪೊರಕೆ ಹಿಡಿದು ತಿಂಗಳಿಂದ ಅಭ್ಯಾಸ ಮಾಡಿದ್ದಳು. ದುಃಖ ತಡೆಯಲಾಗಲಿಲ್ಲ.

"ಹತ್ತೂ ಇಪ್ಪತ್ತೈದು" ಎಂದಳು ಶೌನಾ ಸಣ್ಣ ದನಿಯಲ್ಲಿ. ಆ ಹುಡುಗಿಯ ಕಣ್ಣೂ ಕೆಂಪಾಗಿತ್ತು. ಕಂಬ ಅಷ್ಟೇನೂ ದಪ್ಪಗಿರಲಿಲ್ಲ, ಮಾತು ಸಾಲಿನ ತುದಿಯವರೆಗೂ ಕೇಳಿಸಿತ್ತು.

ಅಟ್ರಾಕ್ಟಾ ಕೌಂಟರಿಗೆ ಬಂದು, ಮೂರ್ತಿಗೆ ಸುತ್ತಲು ಟವಲು ಬಿಡಿಸಿದಳು. ಆಗ ಅವಳ ಮೊಬೈಲು ಹೊಡೆದುಕೊಂಡಿತು. ಡಿಂಪ್ನಾ. ವಿಡಿಯೊ ಕಾಲ್. ಪರದೆಯ ತುಂಬ ತೊಯ್ದ ಕೂದಲು, ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ.

"ಅಮ್ಮಾ! ಎಲ್ಲಿದೀಯ? ಹತ್ತಿದ್ಯಾ? ಇಲ್ಲಿ ಮಳೆ ಅಮ್ಮಾ, ಮಳೆ! ಧೋ ಅಂತ ಸುರೀತಿದೆ! ನಾಳೆಗೂ ಇದೆಯಂತೆ. ಅಂಗಳದಲ್ಲಿ ಹಾಕಿದ್ದ ಮೇಜೆಲ್ಲ ತೇಲ್ತಾ ಇದೆ. ಇಗ್ನಾಸಿಯೊನ ಅಮ್ಮ ಅಳ್ತಿದಾರೆ. ಬಾಲಯೇಸುನ ಬೇಗ ಕರ್ಕೊಂಡು ಬಾ!"

ಅಟ್ರಾಕ್ಟಾಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದದ್ದೇ ತಡ, ಪಾಸ್‌ಪೋರ್ಟು ಮರೆತುಹೋಯಿತು, ಗೇಟು ಮರೆತುಹೋಯಿತು, ಹತ್ತೊಂಬತ್ತು ವರ್ಷದ ಪಾಪವೂ ಮರೆತುಹೋಯಿತು. ಛತ್ರಿ ಮಾರುವವಳಂತೆ! ಮರಳುಗಾಡಂತೆ! ಮೂರು ವಾರ ತಂಗಿಯ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದ್ದದ್ದೆಲ್ಲ ಗಂಟಲಿಗೆ ಬಂತು.

"ಕೇಳಿದ್ಯೇನೇ ಫಿಲ್! ಮಳೆ! ಮಾಲಗಾದಲ್ಲಿ ಮಳೆ! ನಾನ್ ಹೇಳ್ಲಿಲ್ವಾ!" ಎಂದು ಫೋನನ್ನು ತಂಗಿಯ ಮೂಗಿಗೇ ಹಿಡಿಯಲು ಗರ್ರನೆ ತಿರುಗಿದಳು.

ಮೊಣಕೈಯಲ್ಲಿ ತೂಗುತ್ತಿದ್ದ ಕೈಚೀಲವೂ ಅವಳ ಜೊತೆ ತಿರುಗಿತು. ಅದರಲ್ಲಿ ಜಪಮಣಿ, ಪ್ರಾರ್ಥನಾ ಪುಸ್ತಕ, ಬೇಯಿಸಿದ ಆರು ಮೊಟ್ಟೆ, ಬೀಗರಿಗೆಂದು ಒಯ್ಯುತ್ತಿದ್ದ ಎರಡು ಕಿಲೊ ಹಣ್ಣಿನ ಕೇಕು. ಅದರ ಏಟಿಗೆ ಬಾಲಯೇಸು ಕೌಂಟರಿನ ಅಂಚು ದಾಟಿ, ಜಾರ್ಲತ್ ಚಾಚಿದ ಕೈ ದಾಟಿ, ನೆಲಕ್ಕೆ ಬಿದ್ದ.

ಸದ್ದು ದೊಡ್ಡದೇನೂ ಆಗಲಿಲ್ಲ. ತಲೆ ಉರುಳಿಕೊಂಡು ಹೋಗಿ ಗಾಲ್ಫ್ ಟೋಪಿಯವನ ಬೂಟಿಗೆ ತಾಗಿ ನಿಂತಿತು, ಕಿರೀಟ ನೆಟ್ಟಗೇ ಇತ್ತು. ಫಿಲ್‌ಳ ಗಾರೆ ಇಡಿಯಾಗಿ, ಒಂದು ಸಣ್ಣ ರೊಟ್ಟಿಯಂತೆ, ತಳದಿಂದ ಕಳಚಿ ಹೊರಬಂತು. ಅದರ ಹಿಂದೆ ನಾಣ್ಯ. ನಾಣ್ಯದ ಹಿಂದೆ ಪಾಸ್‌ಪೋರ್ಟು.



"ತಾನಾಗಿ ಬಿತ್ತು!" ಎಂದ ಜಾರ್ಲತ್. "ಟೀಚರ್, ನಾನು ಸಾಕ್ಷಿ! ತಾನಾಗಿ ಬಿತ್ತು!"

ಆಮೇಲೆ ಎದ್ದ ಗದ್ದಲ ಹೇಳತೀರದು. ಮೂವತ್ತು ಮಂದಿ ಶಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿದರು. ಶೌನಾ ಕೌಂಟರು ಹತ್ತಿ ಇಳಿದು ಬಂದು ಪಾಸ್‌ಪೋರ್ಟು ಎತ್ತಿಕೊಂಡಳು. ಫಿಲ್ ಗಾರೆಯ ಬಿಲ್ಲೆಯನ್ನು ಎತ್ತಿ, "ಇಪ್ಪತ್ತೈದು ವರ್ಷ ಅಂದಿದ್ರು, ಒಂದು ದಿನ ಬರ್ಲಿಲ್ಲ" ಎಂದು ಅಂಗಡಿಯವನನ್ನು ಬೈದಳು. ಅಟ್ರಾಕ್ಟಾ ಮಾತ್ರ ಮಂಡಿಯೂರಿ ತಲೆಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದಳು. ಅವಳು ಅಂಟು ಹಾಕಿದ್ದ ಗೆರೆ ಹಾಗೇ ಇತ್ತು, ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಮುರಿದದ್ದು ಅದರ ಕೆಳಗೆ, ನಿಲುವಂಗಿಯ ಕೊರಳಲ್ಲಿ. ಬೆಳ್ಳಗಿನ ಹೊಸ ಮುರಿತ.

"ಅಮ್ಮಾ? ಅಮ್ಮಾ! ಯಾಕೆ ಚಪ್ಪಾಳೆ? ಏನಾಯ್ತು?" ನೆಲದ ಮೇಲೆ ಬಿದ್ದಿದ್ದ ಫೋನಿನಿಂದ ಡಿಂಪ್ನಾ ಕೂಗುತ್ತಿದ್ದಳು.

ಅಟ್ರಾಕ್ಟಾ ಫೋನು ಎತ್ತಿದಳು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿತು. "ಬಾಲಯೇಸುನ ತಲೆ ಕಳಚ್ತು ಮಗಾ. ತಾನಾಗೇ. ಈ ಸಲ ತಾನಾಗೇ. ಆ ಸಲ, ಡೆಕ್ಲಾನ್ ಸಲ, ನಾನೇ ಸೌಟಲ್ಲಿ..."

"ಗೊತ್ತಮ್ಮಾ."

"ಏನ್ ಗೊತ್ತು?"

"ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಹಿಂದಿನಿಂದ ಬಂದು ಸೌಟಲ್ಲಿ ಒಂದು ಬಿಟ್ಟಿದ್ದು ನೋಡ್ದೆ. ನಗು ತಡ್ಕೊಳೋಕೆ ತೋಳು ಕಚ್ಚಿಕೊಂಡಿದ್ದೆ."

"ನಿನ್ನ ಮದ್ವೆ ನಿಂತಿದ್ದು ನನ್ನಿಂದ ಕಣೇ! ಅವನು ಓಡಿಹೋಗಿದ್ದು..."

"ಅವನೆಲ್ಲಿ ಓಡಿಹೋದ? ಬಾಸ್ಟನ್ನಿಗೆ ಟಿಕೆಟ್ ತೆಗೆಸಿ ಕೊಟ್ಟೋಳೇ ನಾನು!" ಮಳೆಯ ಸದ್ದಿನ ನಡುವೆ ಡಿಂಪ್ನಾಳ ದನಿ ತುಸು ತಗ್ಗಿತು. "ನನಗೆ ಅವನು ಬೇಡವಾಗಿದ್ದ ಅಮ್ಮಾ. ಅವನಿಗೂ ನಾನು ಬೇಡವಾಗಿದ್ದೆ. ನೀನು ಅಷ್ಟು ಹೊತ್ತಿಗೆ ಟೋಪಿ ಕೊಂಡು, ಕೇಕ್ ಮಾಡಿಟ್ಟು, ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ನಾನೇ ಬೇಡ ಅಂದೆ ಅಂದಿದ್ರೆ ಚರ್ಮ ಸುಲೀತಿದ್ದೆ. ಓಡಿಹೋದ ಅಂದ್ರೆ ಎಲ್ಲರೂ ನನ್ನ ಮೇಲೆ ಕನಿಕರ ತೋರಿಸ್ತಾರೆ ಅಂತ ಹಾಗೆ ಹೇಳಿದ್ವಿ."

ಅಟ್ರಾಕ್ಟಾ ನೆಲದ ಮೇಲೆ ಕೂತೇ ಲೆಕ್ಕ ಹಾಕಿದಳು. ದಿನಕ್ಕೆ ಆರು ಲೋಟ. ಹತ್ತೊಂಬತ್ತು ವರ್ಷ.

"ಪಾಪಿ ಮುಂಡೇದೇ" ಎಂದಳು. "ನನ್ನ ಸಕ್ಕರೆ!"

ಡಿಂಪ್ನಾಗೆ ಅದು ಅರ್ಥವಾಗಲಿಲ್ಲ. ಅರ್ಥವಾದದ್ದು ಫಿಲ್‌ಗೆ, ಅವಳು ಕೌಂಟರಿಗೆ ಆತು ನಿಂತು, ಹೊಟ್ಟೆ ಹಿಡಿದುಕೊಂಡು, ಶಬ್ದವಿಲ್ಲದೆ ನಕ್ಕಳು. ಅಟ್ರಾಕ್ಟಾಗೂ ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಆಮೇಲೆ ಇಡೀ ಮೈಯಲ್ಲಿ. ಜಾರ್ಲತ್ ಇಬ್ಬರನ್ನೂ ಎರಡು ಕಂಕುಳಲ್ಲಿ ಹಿಡಿದು ತಪಾಸಣೆ ದಾಟಿಸಿದ. ತಲೆ ಒಂದು ತಟ್ಟೆಯಲ್ಲಿ, ಮುಂಡ ಇನ್ನೊಂದರಲ್ಲಿ ಎಕ್ಸ್‌ರೇ ಯಂತ್ರದೊಳಗೆ ಹೋಗಿ ಬಂದವು. ಮೊಟ್ಟೆಗಳನ್ನು ಯಾರೂ ಕೇಳಲಿಲ್ಲ.

ಗೇಟಿನ ಬಳಿ ನಿಂತಿದ್ದವಳೂ ಶೌನಾಳೇ. ಅಷ್ಟು ಸಣ್ಣ ನಿಲ್ದಾಣದಲ್ಲಿ ಕೌಂಟರಿನವರೇ ಗೇಟಿಗೂ ಓಡಬೇಕು. ಏದುಸಿರು ಬಿಡುತ್ತ ಪಾಸ್‌ಪೋರ್ಟು ತೆರೆದು, ಶವಯಾತ್ರೆಯ ಆ ಮುಖವನ್ನೂ ಎದುರಿಗೆ ಕಣ್ಣೀರು ಸುರಿಸುತ್ತ ನಗುತ್ತಿದ್ದ ಮುಖವನ್ನೂ ಎರಡೆರಡು ಸಲ ನೋಡಿದಳು.

"ಅಮ್ಮಾ, ಒಂದ್ಸಲ ನಗು ನಿಲ್ಸಿ. ಹೋಲಿಸ್ಬೇಕು."

ಅಟ್ರಾಕ್ಟಾ ತುಟಿ ಬಿಗಿದಳು. ತನಗೆ ಗೊತ್ತಿದ್ದ ಶವಯಾತ್ರೆಗಳನ್ನೆಲ್ಲ ನೆನೆದಳು. ಮ್ಯಾಟಿಯದನ್ನೂ ನೆನೆದಳು. ಮ್ಯಾಟಿ ಈಗ ಇದ್ದಿದ್ದರೆ ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದ ಅನ್ನಿಸಿ ಮತ್ತೆ ಕಿಸಕ್ಕನೆ ನಕ್ಕುಬಿಟ್ಟಳು.

"ಆಗ್ತಿಲ್ಲ ಮಗೂ."

"ಇದು ನೀವೇ ಅಂತ ಏನು ಗ್ಯಾರಂಟಿ?"

"ಅದು ನಾನಲ್ಲ ಅಂತ ನಮ್ಮ ಸಾರ್ಜೆಂಟೂ ಹೇಳಿದ್ದ" ಎಂದಳು ಅಟ್ರಾಕ್ಟಾ ಕಣ್ಣೊರೆಸಿಕೊಳ್ಳುತ್ತ. "ಇದು ನಾನು."

ಶೌನಾ ಪಾಸ್‌ಪೋರ್ಟು ಮುಚ್ಚಿ ಅವಳ ಕೈಗಿಟ್ಟು, ಕೆನ್ನೆಗೊಂದು ಮುತ್ತು ಕೊಟ್ಟು, ಒಳಗೆ ತಳ್ಳಿದಳು. ಅವರ ಹಿಂದೆಯೇ ಬಾಗಿಲು ಮುಚ್ಚಿತು.

ವಿಮಾನ ಗುಡ್ಡ ಬಿಟ್ಟು ಮೋಡ ದಾಟಿದ ಮೇಲೆ ಗಾಡಿ ತಳ್ಳಿಕೊಂಡು ಬಂದವನು, ಏನು ಕೊಡಲಿ ಎಂದು ಕೇಳಿದ. ಮಡಿಲಲ್ಲಿ ಟವಲಿನ ಗಂಟು, ಕೋಟಿನ ಜೇಬಿನಲ್ಲಿ ಕಿರೀಟದ ತಲೆ ಇಟ್ಟುಕೊಂಡು ಕೂತಿದ್ದ ಅಟ್ರಾಕ್ಟಾ, "ಚಹಾ" ಎಂದಳು.

"ಸಕ್ಕರೆ?"

ಪಕ್ಕದಲ್ಲಿದ್ದ ಫಿಲ್ ಮೆಲ್ಲನೆ ಪೆಟ್ಟಿಗೆ ತೆರೆದು ಕನ್ನಡಕ ಹಾಕಿಕೊಂಡಳು. ಇದನ್ನು ಅವಳಿಗೆ ಸರಿಯಾಗಿ ನೋಡಬೇಕಿತ್ತು.

"ಮೂರು" ಎಂದಳು ಅಟ್ರಾಕ್ಟಾ.